ಬೇಟೆಯಲ್ಲಿ ನೋಡುಗನ ಪಾಲು

ಶ್ರಾವಕನಾದವನು ಮೊಟ್ಟಮೊದಲು ಬಿಡಬೇಕಾದ ಸಪ್ತವ್ಯಸನಗಳಲ್ಲಿ ಬೇಟೆಯೂ ಒಂದು. ಜೂಜು, ಮಾಂಸ, ಮದ್ಯ, ವೇಶ್ಯಾಸಂಗ, ಕಳವು, ಪರಸ್ತ್ರೀಗಮನಗಳ ಸಾಲಿನಲ್ಲಿ ಅದನ್ನು ಎಣಿಸಿದ್ದಾರೆ. ಬಾಲ್ಯದಲ್ಲಿ ಬಸದಿಯ ಜಗಲಿಯಲ್ಲಿ ಕುಳಿತು ಈ ಪಟ್ಟಿಯನ್ನು ಬಾಯಿಪಾಠ ಮಾಡುವಾಗ ಬೇಟೆಯ ಹೆಸರು ಬಂದೊಡನೆ ನನಗೊಂದು ನಿರಾಳ. ಉಳಿದವುಗಳ ವಿಷಯ ಮುಂದೆ ಹೇಗೋ ಏನೋ, ಇದೊಂದಂತೂ ನಮ್ಮನ್ನು ಮುಟ್ಟಲಾರದು ಎಂಬ ಭಾವನೆ. ನಮ್ಮದು ದೀಪಕ್ಕೆ ಹುಳು ಬಿದ್ದೀತೆಂದು ಹೊತ್ತು ಮುಳುಗುವ ಮೊದಲೇ ಊಟ ಮುಗಿಸುತ್ತಿದ್ದ ಮನೆ. ಕೋವಿಯ ಮಾತೆಲ್ಲಿಂದ ಬರಬೇಕು? ಅರವತ್ತು ದಾಟಿದ ಮೇಲೆ ಆ ನಿರಾಳ ನನ್ನಲ್ಲಿ ಉಳಿದಿಲ್ಲ. ಅದು ಹೋದ ಬಗೆಯನ್ನು ಓದುಗರ ಮುಂದಿಡುವುದೇ ಈ ಬರಹದ ಉದ್ದೇಶ.

ನಮ್ಮ ಬ್ಯಾಕೋಡು ಶರಾವತಿ ಹಿನ್ನೀರಿನ ಆಚೆಯ ಊರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡ ಮೇಲೆ ನೀರು ಒಂದು ಕಡೆ, ಕಾಡು ಉಳಿದೆಲ್ಲ ಕಡೆ. ಇಂಥ ಊರಿನಲ್ಲಿ ಅಂಗಡಿ ಇಟ್ಟವನಿಗೆ ಬೇಟೆ ಅಪರಿಚಿತವಾಗಿರಲು ಸಾಧ್ಯವಿಲ್ಲ. ಹಳು ನುಗ್ಗುವವರ ಕೂಗು, ಬಿಲ್ಲಿಗೆ ಕೂತವರ ಈಡಿನ ಸದ್ದು, ಮರಸು ಕೂರಲು ಹೋದವನು ಬೆಳಗಿನ ಜಾವ ಬರಿಗೈಯಲ್ಲಿ ಮರಳುವುದು, ಇವೆಲ್ಲ ನನ್ನ ಎಳವೆಯ ನೆನಪುಗಳು. ಕಾಡುಕೋಳಿಗೆ ಉರುಲು ಒಡ್ಡುವವರು ಪಳಗಿಸಿದ ಒಂದು ಹುಂಜವನ್ನು ದೀವವಾಗಿ ಕಟ್ಟುತ್ತಿದ್ದರು. ಅದರ ಕೂಗಿಗೆ ಕೆರಳಿ ಕಾಡಿನ ಹುಂಜ ಕಾಳಗಕ್ಕೆ ಬಂದು ಸಿಕ್ಕಿಬೀಳುತ್ತಿತ್ತು. ಹೊಡೆದದ್ದನ್ನು ಹಂಚುವಲ್ಲಿ ಕಟ್ಟುನಿಟ್ಟಾದ ಲೆಕ್ಕವಿತ್ತು: ಈಡು ಹೊಡೆದವನಿಗೊಂದು ಪಾಲು, ಹಳು ನುಗ್ಗಿದವರಿಗೆ ಪಾಲು, ಕೋವಿಯ ಒಡೆಯನಿಗೆ ಪಾಲು, ನಾಯಿಗೂ ಒಂದು ಪಾಲು. ನೋಡಿದವನಿಗೆ ಪಾಲಿರಲಿಲ್ಲ. ನೋಡುವವನೇ ಇರಲಿಲ್ಲ ಎನ್ನಬೇಕು.

ಹಳೆಯ ಬೇಟೆಯನ್ನು ಹೊಗಳಲು ಇದನ್ನು ಹೇಳುತ್ತಿಲ್ಲ. ಉರುಲಿಗೆ ಬಿದ್ದ ಕೋಳಿಗೆ ಆ ಕಾಲವೂ ಈ ಕಾಲವೂ ಒಂದೇ. ಆದರೆ ಆ ಬೇಟೆಗೆ ತನ್ನಿಂತಾನೇ ಒಂದು ಪರಿಮಾಣವಿತ್ತು. ಹೊಟ್ಟೆ ತುಂಬಿದರೆ ಸಾಕು, ಮದ್ದು ಮುಗಿದರೆ ನಿಂತಿತು, ಮಳೆ ಹಿಡಿದರೆ ಯಾರೂ ಹೊರಡುತ್ತಿರಲಿಲ್ಲ. ವ್ರತವಲ್ಲದಿದ್ದರೂ ಮಿತಿಯಂತೂ ಹೌದು.

ನಾನು ಬೇಟೆಯ ರುಚಿ ಕಂಡದ್ದು ಪುಸ್ತಕಗಳಲ್ಲಿ. ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’, ಕೆದಂಬಾಡಿ ಜತ್ತಪ್ಪ ರೈಗಳ ‘ಬೇಟೆಯ ನೆನಪುಗಳು’, ಆಮೇಲೆ ಪೂರ್ಣಚಂದ್ರ ತೇಜಸ್ವಿಯವರು ಕೆನೆತ್ ಆಂಡರ್ಸನ್‌ನ ಬರಹಗಳಿಂದ ಕನ್ನಡಕ್ಕೆ ತಂದ ‘ಕಾಡಿನ ಕಥೆಗಳು’. 1954ರಲ್ಲಿ ಹೊರಬಂದ ಆಂಡರ್ಸನ್‌ನ ಮೊದಲ ಪುಸ್ತಕದಲ್ಲಿ ನಮ್ಮ ತ್ಯಾಗರ್ತಿಯ ಹುಲಿಗಳ ಕಥೆಯೂ ಇದೆಯೆಂದು ತಿಳಿದು, ಬಿ.ಕಾಂ. ಓದುವಾಗ ಗ್ರಂಥಾಲಯದಲ್ಲಿ ಅದನ್ನು ಹುಡುಕಿ ಪಟ್ಟಾಗಿ ಕುಳಿತು ಓದಿದ್ದುಂಟು. ಕೋವಿ ಮುಟ್ಟದ ನಾನು ಹೀಗೆ ಎಷ್ಟು ಹುಲಿಗಳ ಹಿಂದೆ ಹೋದೆನೋ ಲೆಕ್ಕವಿಲ್ಲ. ಮುಂದೆ ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವನ್ನು ಕ್ರಮವಾಗಿ ಓದುವಾಗ ಅನರ್ಥದಂಡದ ಐದು ಬಗೆಗಳಲ್ಲಿ ‘ದುಃಶ್ರುತಿ’ ಎಂಬುದೊಂದು ಎದುರಾಯಿತು. ಮನಸ್ಸನ್ನು ಕದಡುವ ಕಥನಗಳನ್ನು ಕೇಳುವುದೇ ದುಃಶ್ರುತಿ. ಕದಡುವ ಕಾರಣಗಳನ್ನು ಹೇಳುವಲ್ಲಿ ಆಚಾರ್ಯರು ರಾಗ, ದ್ವೇಷ, ಮದಗಳ ಜೊತೆಗೆ ‘ಸಾಹಸ’ವನ್ನೂ ಸೇರಿಸಿದ್ದಾರೆ. ನಾವು ಮಕ್ಕಳ ಕೈಗೆ ಸಂತೋಷದಿಂದ ಕೊಡುವ ಪುಸ್ತಕಗಳ ಮೇಲೆ ಇರುವುದು ಇದೇ ಶಬ್ದವಲ್ಲವೇ?

ಆದರೂ ಆ ಪುಸ್ತಕಗಳ ವಿಷಯದಲ್ಲಿ ನನ್ನ ಮನಸ್ಸು ಪೂರ್ತಿ ಕಠಿಣವಾಗಲಿಲ್ಲ. ಆಂಡರ್ಸನ್ ಕೊನೆಗಾಲದಲ್ಲಿ ಕೋವಿಗಿಂತ ಕ್ಯಾಮೆರಾವನ್ನು ಮೆಚ್ಚಿದವನು. ತೇಜಸ್ವಿಯವರೂ ಶಿಕಾರಿಯಿಂದ ಹಕ್ಕಿಗಳ ಛಾಯಾಚಿತ್ರಕ್ಕೆ ತಿರುಗಿದವರು. ಅವರನ್ನು ಓದಿ ಕೋವಿ ಹಿಡಿದವರಿಗಿಂತ ಕಾಡನ್ನು ಪ್ರೀತಿಸಲು ಕಲಿತವರೇ ಹೆಚ್ಚೆಂದು ತೋರುತ್ತದೆ. ಇದಕ್ಕಿಂತ ಮುಖ್ಯವಾದ ಇನ್ನೊಂದು ಮಾತಿದೆ. ತ್ಯಾಗರ್ತಿಯ ಹುಲಿಯ ಕಥೆ ನನ್ನ ಕೈಗೆ ಬರುವುದಕ್ಕೆ ಬಹಳ ಮೊದಲೇ ಮುಗಿದುಹೋಗಿತ್ತು. ನಾನು ಓದಿದರೂ ಅಷ್ಟೇ, ಓದದಿದ್ದರೂ ಅಷ್ಟೇ. ನನಗಾಗಿ ಯಾರೂ ಅದರ ಹಿಂದೆ ಹೋಗಿರಲಿಲ್ಲ.

ಕೆಲವು ವರ್ಷಗಳ ಹಿಂದೆ ನನ್ನ ಅಂಗಡಿಗೆ ಪರಿಚಯದ ಒಬ್ಬ ಹುಡುಗ ಬಂದ. ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿ, “ಶೆಟ್ರೇ, ಇಂಥದ್ದೇ ತಲೆ ಬ್ಯಾಟರಿ ಬೇಕಿತ್ತು, ತರಿಸಿ ಕೊಡ್ತೀರಾ?” ಎಂದು ಕೇಳಿದ. ಯಾವುದೋ ಪರದೇಶದ ಬೇಟೆಯ ದೃಶ್ಯ. ಬೇಟೆಗಾರನ ಅಂಗಿ, ಕೋವಿ, ಬೂಟು, ಹಣೆಯ ಮೇಲಿನ ದೀಪ, ಒಂದೊಂದಕ್ಕೂ ಹೆಸರು ಹೇಳಿ ಎಲ್ಲಿ ಸಿಗುತ್ತದೆಂದು ತೋರಿಸಿದ್ದರು. ವ್ಯಾಪಾರಿಯ ಕಣ್ಣಿಗೆ ಅದು ಬೇಟೆಯಂತೆ ಕಾಣಲಿಲ್ಲ, ಸರಕಿನ ಪಟ್ಟಿಯಂತೆ ಕಂಡಿತು. ಅಡಿಕೆ ತೋಟಕ್ಕೆ ರಾತ್ರಿ ನೀರು ಬಿಡುವವರೂ ಗದ್ದೆ ಕಾಯುವವರೂ ಅಂಥ ದೀಪವನ್ನು ಕೊಳ್ಳುತ್ತಾರೆ. ತರಿಸಿಕೊಟ್ಟೆ. ಲಾಭ ನಲವತ್ತು ರೂಪಾಯಿ.

ಒಂದು ತಿಂಗಳೂ ಆಗಿರಲಿಲ್ಲ, ನನ್ನ ಮೊಮ್ಮಗನ ಮೊಬೈಲಿಗೆ ಒಂದು ವಿಡಿಯೊ ಬಂತು. ಕತ್ತಲ ಗದ್ದೆಯಂಚಿನಲ್ಲಿ ಬೆಳಕಿಗೆ ಕಣ್ಣು ಕೋರೈಸಿ, ಕದಲದೆ ನಿಂತ ಒಂದು ಮೊಲ. ಹಿನ್ನೆಲೆಯಲ್ಲಿ ಸಿನಿಮಾ ಹಾಡು, ನಂತರ ಈಡು, ನಂತರ ನಗು. ಹಣೆಯ ದೀಪವನ್ನು ನಾನು ಗುರುತಿಸಿದೆ. ಹುಡುಗನ ಮನೆಯವರು ಬಡವರಲ್ಲ, ಮೊಲದ ಮಾಂಸಕ್ಕಾಗಿ ಕಾದವರೂ ಅಲ್ಲ. ಬಂದ ಮೆಚ್ಚುಗೆಗಳನ್ನು ಮೊಮ್ಮಗ ಎಣಿಸಿ ಹೇಳುತ್ತಿದ್ದ. ಒಮ್ಮೆ ನೋಡಿದವನು, ಸರಿಯಾಗಿ ಕಾಣಲಿಲ್ಲವೆಂಬ ನೆಪದಿಂದ ಇನ್ನೊಮ್ಮೆ ನೋಡಿದೆ. ನೋಡಬೇಕೆನಿಸಿತು ಎಂಬುದೇ ನಿಜ.

ಆ ರಾತ್ರಿ ನೆನಪಾದದ್ದು ತಂದುಲಮತ್ಸ್ಯದ ಕಥೆ. ಸ್ವಯಂಭೂರಮಣ ಸಮುದ್ರದಲ್ಲಿ ಮಹಾಮತ್ಸ್ಯವೊಂದು ಬಾಯಿ ತೆರೆದು ಮಲಗಿರುತ್ತದೆ. ಸಣ್ಣ ಮೀನುಗಳು ಒಳಗೆ ಹೋಗಿ ಹೊರಗೆ ಬರುತ್ತಿರುತ್ತವೆ. ಅಕ್ಕಿಕಾಳಿನಷ್ಟೇ ಇರುವ ತಂದುಲಮತ್ಸ್ಯ ಅದನ್ನು ನೋಡುತ್ತ, ‘ಅಯ್ಯೋ, ನಾನಾಗಿದ್ದರೆ ಒಂದನ್ನೂ ಬಿಡುತ್ತಿರಲಿಲ್ಲ’ ಎಂದುಕೊಳ್ಳುತ್ತದೆ. ಒಂದು ಮೀನನ್ನೂ ತಿನ್ನದ ಅದು ಏಳನೆಯ ನರಕಕ್ಕೆ ಹೋಯಿತೆಂದು ಕೇಳಿದಾಗ, ಚಿಕ್ಕಂದಿನಲ್ಲಿ ಇದು ಅನ್ಯಾಯವೆಂದು ನನಗೆ ತೋರಿತ್ತು. ಕೈಯಳತೆಯ ಗಾಜಿನಲ್ಲಿ ಮೊಲದ ಸಾವನ್ನು ಎರಡನೆಯ ಸಲ ನೋಡಿದ ಮೇಲೆ ಹಾಗೆ ತೋರಲಿಲ್ಲ.

ಕೃತ, ಕಾರಿತ, ಅನುಮೋದನ ಎಂದು ಹಿಂಸೆಯನ್ನು ಮೂರಾಗಿ ಹೇಳುತ್ತೇವೆ: ತಾನೇ ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಮೆಚ್ಚುವುದು. ಈ ಅನುಕ್ರಮದಲ್ಲಿ ಮೆಚ್ಚುವುದು ಕೊನೆಗೆ ಬರುತ್ತದೆ. ಹಾಗಾಗಿ ನಾವು ಅದನ್ನು ಎಲ್ಲಕ್ಕಿಂತ ಹಗುರವಾದದ್ದೆಂದು ಮನಸ್ಸಿನಲ್ಲೇ ತೀರ್ಮಾನಿಸಿಕೊಂಡಿದ್ದೇವೆ. ಪುಸ್ತಕದ ಕಾಲಕ್ಕೆ ಅದು ಒಂದಿಷ್ಟು ಒಪ್ಪುವ ಮಾತಾಗಿತ್ತು. ಬೇಟೆ ಮೊದಲು, ಓದುಗ ಆಮೇಲೆ. ಮೊಬೈಲಿನ ಕಾಲದಲ್ಲಿ ಈ ಕ್ರಮ ತಲೆಕೆಳಗಾಗಿದೆ. ನೋಡುವವರು ಮೊದಲು ಸಿದ್ಧರಿದ್ದಾರೆ, ಅವರಿಗಾಗಿ ಬೇಟೆ ನಡೆಯುತ್ತದೆ. ಎಷ್ಟು ಜನ ನೋಡಿದರೆಂಬ ಎಣಿಕೆಯ ಮೇಲೆ ಜಾಹೀರಾತಿನ ಹಣ ಬರುತ್ತದೆ. ಹಣ ಬಾರದಿದ್ದರೂ ಗೆಳೆಯರ ಹೊಗಳಿಕೆ ಬರುತ್ತದೆ. ಮೆಚ್ಚುವುದೇ ಮಾಡಿಸುವುದಾಗಿದೆ. ಬೇಡದ ಮೊಲ ಸತ್ತದ್ದು ನೋಡುಗನಿಗಾಗಿ. ಆ ಎಣಿಕೆಯಲ್ಲಿ ನನ್ನದೂ ಎರಡು.

ಈ ‘ಯಾರಿಗಾಗಿ’ ಎಂಬ ಪ್ರಶ್ನೆ ನಮಗೆ ಹೊಸತಲ್ಲ. ಮದುವೆಗೆ ಹೊರಟ ನೇಮಿಕುಮಾರರು ದಾರಿಯಲ್ಲಿ ಕೂಡಿಹಾಕಿದ್ದ ಪ್ರಾಣಿಗಳ ಆಕ್ರಂದನವನ್ನು ಕೇಳಿ ಸಾರಥಿಯನ್ನು ವಿಚಾರಿಸಿದ್ದು ಅದನ್ನೇ. ತಮ್ಮ ಮದುವೆಗೆ ಬಂದವರ ಔತಣಕ್ಕಾಗಿ ಎಂಬ ಉತ್ತರ ಬಂತು. ಅವರು ಕಟ್ಟಿಸಿದವರಲ್ಲ, ಕೊಲ್ಲೆಂದವರಲ್ಲ, ತಿನ್ನುವವರೂ ಅಲ್ಲ. ತಮ್ಮ ನಿಮಿತ್ತವಾಗಿ ಎಂಬುದಿಷ್ಟೇ ಸಾಕಾಯಿತು, ರಥ ತಿರುಗಿತು.

ವಾಣಿಜ್ಯದ ಮಾತು ಬಂದಾಗ ಒಂದು ಹಳೆಯ ಸಂಗತಿಯನ್ನು ಹೇಳಬೇಕು. ನಮ್ಮ ಕಾಡುಕೋಳಿಯ ಹುಂಜದ ಕತ್ತಿನಲ್ಲಿ ಅರಗಿನ ಚುಕ್ಕೆಗಳಂತೆ ಹೊಳೆಯುವ ಗರಿಗಳಿವೆ. ಇಂಗ್ಲೆಂಡಿನಲ್ಲಿ ಮೀನಿನ ಗಾಳಕ್ಕೆ ಕಟ್ಟುವ ಕೃತಕ ನೊಣಗಳಿಗೆ ಈ ಗರಿಯೇ ಬೇಕೆಂದು ಬೇಡಿಕೆಯಿತ್ತು. ಭಾರತ ಸರ್ಕಾರ ರಫ್ತನ್ನು ನಿಲ್ಲಿಸುವವರೆಗೂ ಕಾಡುಕೋಳಿಯ ಚರ್ಮಗಳು ಹಡಗು ಹತ್ತುತ್ತಿದ್ದವು. ಹಕ್ಕಿಯನ್ನು ತಿನ್ನುವವನಿಗೆ ಒಂದು ಹೊಟ್ಟೆಯಿತ್ತು. ಗರಿಯನ್ನು ಕೊಳ್ಳುವವನಿಗೆ ಇದ್ದದ್ದು ಹವ್ಯಾಸ. ಹವ್ಯಾಸಕ್ಕೆ ಸಾಕೆಂಬುದು ಯಾವಾಗ?

ಅಮೆರಿಕದಲ್ಲಿರುವ ನನ್ನ ತಂಗಿಯ ಮಗ ಇದಕ್ಕೆ ಎದುರು ವಾದ ಹೂಡಿದ. ಅಲ್ಲಿಯ ಕಾಡಿನ ಟರ್ಕಿ ಕೋಳಿ ಮಿತಿಯಿಲ್ಲದ ಬೇಟೆಯಿಂದ ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ ಹಲವು ರಾಜ್ಯಗಳಲ್ಲಿ ಇಲ್ಲವೇ ಇಲ್ಲವೆಂಬಂತಾಗಿತ್ತು. 1937ರ ಕಾಯಿದೆಯಂತೆ ಕೋವಿ ಮತ್ತು ತೋಟಾಗಳ ಮೇಲಿನ ತೆರಿಗೆಯನ್ನು ವನ್ಯಜೀವಿಗಳಿಗಾಗಿ ತೆಗೆದಿರಿಸಿದರು. ಉಳಿದಿದ್ದ ಹಕ್ಕಿಗಳನ್ನು ಹಿಡಿದು ಬೇರೆ ಕಾಡುಗಳಿಗೆ ಬಿಟ್ಟರು. 1973ರಲ್ಲಿ ಬೇಟೆಗಾರರದೇ ಒಂದು ರಾಷ್ಟ್ರೀಯ ಒಕ್ಕೂಟ ಹುಟ್ಟಿತು. ಈಗ ಅಲ್ಲಿ ಲಕ್ಷಗಟ್ಟಲೆ ಟರ್ಕಿಗಳಿವೆ. “ಮಾವ, ಬೇಟೆಯ ಹಣವೇ ಹಕ್ಕಿಯನ್ನು ಉಳಿಸಿತಲ್ಲ?” ಎಂದ. ನಿಜವಾದ ಮಾತು, ಅಲ್ಲಗಳೆಯಲಾರೆ. ಆದರೆ ಉಳಿದದ್ದು ಹಕ್ಕಿಯೋ, ದಾಸ್ತಾನೋ? ನಾನೂ ಗೋದಾಮಿನಲ್ಲಿ ಅಕ್ಕಿ ಮುಗಿಯದಂತೆ ನೋಡಿಕೊಳ್ಳುತ್ತೇನೆ. ಅದು ಅಕ್ಕಿಯ ಮೇಲಿನ ಕರುಣೆಯಲ್ಲ. ಅವನೇ ಹೇಳಿದ ಇನ್ನೊಂದು ಸಂಗತಿ: ಹೆಣ್ಣು ಟರ್ಕಿಯ ದನಿಯನ್ನು ಅನುಕರಿಸಿ ಗಂಡನ್ನು ಕರೆಯುವ ವಿದ್ಯೆಯನ್ನು ಹಿಂದೆ ಹಿರಿಯರ ಜೊತೆ ವರ್ಷಗಟ್ಟಲೆ ಕಾಡಿನಲ್ಲಿ ಕುಳಿತು ಕಲಿಯುತ್ತಿದ್ದರಂತೆ. ಈಗ ವಿಡಿಯೊ ನೋಡಿ ಕಲಿತು, ಪ್ಲಾಸ್ಟಿಕ್ಕಿನ ದೀವವನ್ನು ಕೊಂಡು ಹೊರಡುತ್ತಾರೆ. ಕೆಲವು ರಾಜ್ಯಗಳಲ್ಲಿ ಹಕ್ಕಿ ಮತ್ತೆ ಕಡಿಮೆಯಾಗುತ್ತಿದೆಯೆಂದು ಬೇಟೆಯ ದಿನಗಳನ್ನು ಮೊಟಕುಗೊಳಿಸಿದ್ದಾರೆ. ಕಾರಣಗಳು ಅನೇಕ. ಆದರೆ ಹಳೆಯ ಬೇಟೆಗಾರರೇ ಈ ಮಾರಾಟದ ಭರಾಟೆಯನ್ನು ಕಂಡು ಬೇಸರಿಸುತ್ತಾರೆಂದು ಕೇಳಿ, ನನಗೆ ನಮ್ಮೂರ ಮರಸಿನ ಮುದುಕರ ನೆನಪಾಯಿತು.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ, ಅದಕ್ಕೆ 1991ರಲ್ಲಿ ಬಂದ ತಿದ್ದುಪಡಿ, ಇವುಗಳಿಂದ ಹವ್ಯಾಸದ ಬೇಟೆಗೆ ಪರವಾನಗಿಯೇ ಇಲ್ಲವಾಯಿತು. ಒಳ್ಳೆಯದಾಯಿತು. ಆದರೆ ಕಾಯಿದೆ ಹಿಡಿಯುವುದು ಈಡು ಹೊಡೆದವನನ್ನು. ಎಲ್ಲೋ ದೂರದಲ್ಲಿ ಮಲಗಿ ನೋಡಿದವನು ಅದರ ಕೈಗೆ ಸಿಗುವುದಿಲ್ಲ. ಅವನ ಲೆಕ್ಕವನ್ನು ಬರೆಯಬೇಕಾದವನು ಅವನೇ. ಮಕ್ಕಳು ಮೊಬೈಲಿನಲ್ಲಿ ಆಡುವ ಗುಂಡು ಹಾರಿಸುವ ಆಟದಲ್ಲಿ ನಿಜವಾದ ಪ್ರಾಣಿಯಿಲ್ಲವಲ್ಲ ಎಂದು ಕೇಳುವ ತಾಯಂದಿರಿಗೆ ಯಶೋಧರನ ಹಿಟ್ಟಿನ ಕೋಳಿಯನ್ನು ನೆನಪಿಸಿದರೆ ಸಾಕು. ನಮ್ಮವರಿಗೆ ಆ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೆಳೆ ಕಾಯುವ ರೈತನನ್ನು ಈ ಮಾತಿಗೆ ಎಳೆದು ತರಬಾರದು. ಹಂದಿಯ ಹಿಂಡು ಒಂದೇ ರಾತ್ರಿಯಲ್ಲಿ ವರ್ಷದ ಭತ್ತವನ್ನು ಮಗುಚಿಹಾಕಿದ ಗದ್ದೆಯ ಬದುವಿನಲ್ಲಿ ನಿಂತವನಿಗೆ ಉಪದೇಶ ಹೇಳುವ ಧೈರ್ಯ ನನಗಿಲ್ಲ. ವಿರೋಧೀ ಹಿಂಸೆಯನ್ನು ಸಂಕಲ್ಪೀ ಹಿಂಸೆಯಿಂದ ಬೇರೆಯಾಗಿ ಎಣಿಸಿದ ಹಿರಿಯರು ಸಂಸಾರಿಗಳ ಕಷ್ಟ ಬಲ್ಲವರು. ಆದರೆ ಅಂಥ ರೈತ ಹಿಂದೆ ಹಾಡು ಹಾಕಿಸಿ ಚಿತ್ರ ತೆಗೆಯುವುದನ್ನು ನಾನು ಕಂಡಿಲ್ಲ.

ಉಳಿದದ್ದು ನನ್ನ ಅಂಗಡಿಯ ಪ್ರಶ್ನೆ. ಅನರ್ಥದಂಡದಲ್ಲಿ ‘ಹಿಂಸಾದಾನ’ವೂ ಒಂದು, ಎಂದರೆ ವಧೆಯ ಸಾಧನಗಳನ್ನು ಕೊಡುವುದು. ಆಚಾರ್ಯರ ಪಟ್ಟಿಯಲ್ಲಿ ಕತ್ತಿಯ ಜೊತೆಗೆ ಕೊಡಲಿ, ಗುದ್ದಲಿ, ಬೆಂಕಿ, ಸಂಕೋಲೆಗಳೂ ಇವೆ. ಗುದ್ದಲಿ ಮಾರದೆ ಮಲೆನಾಡಿನಲ್ಲಿ ಅಂಗಡಿ ನಡೆಯುವುದುಂಟೇ? ಬೈಕಿನ ಕ್ಲಚ್ ವೈರು ಬೈಕಿಗೂ ಆಗುತ್ತದೆ, ಉರುಲಿಗೂ ಆಗುತ್ತದೆ. ಬಹಳ ದಿನ ಯೋಚಿಸಿದ ಮೇಲೆ ನನಗೆ ತೋಚಿದ್ದಿಷ್ಟು: ವಸ್ತುವಿನಲ್ಲಿ ದೋಷವನ್ನು ಹುಡುಕಿ ಪ್ರಯೋಜನವಿಲ್ಲ, ಕೊಡುವವನಿಗೆ ಗೊತ್ತಿತ್ತೇ ಎಂಬುದನ್ನು ಕೇಳಬೇಕು. ಆ ಹುಡುಗ ವಿಡಿಯೊ ತೋರಿಸಿಯೇ ದೀಪ ಕೇಳಿದ್ದ. ನನಗೆ ಗೊತ್ತಿತ್ತು.

ನಲವತ್ತು ರೂಪಾಯಿಯನ್ನು ಬಸದಿಯ ಹುಂಡಿಗೆ ಹಾಕಲು ಹೋಗಿ ಹಾಕದೆ ಹಿಂದಿರುಗಿದೆ. ಹಾಕಿದ್ದರೆ ಪರಿಹಾರವಾಯಿತೆಂದು ಮನಸ್ಸು ಸಮಾಧಾನಪಟ್ಟುಕೊಳ್ಳುತ್ತಿತ್ತು. ಈ ಬಗೆಯ ದುಡ್ಡು ದೊಡ್ಡ ಮೊತ್ತದಲ್ಲಿ ಬಂದಾಗ ನಮ್ಮ ಟ್ರಸ್ಟುಗಳು ಏನು ಮಾಡಬೇಕೆಂಬುದನ್ನು ಪದಾಧಿಕಾರಿಗಳು ಕುಳಿತು ಚರ್ಚಿಸಬೇಕೆಂದು ಇಲ್ಲಿ ವಿನಂತಿಸುತ್ತೇನೆ. ನೋಟು ಈಗಲೂ ಗಲ್ಲಾಪೆಟ್ಟಿಗೆಯ ಒಂದು ಮೂಲೆಯಲ್ಲಿದೆ.

ಹುಡುಗನನ್ನು ಕರೆದು ಮಾತಾಡಿದೆ. ಅವನು ತಲೆ ತಗ್ಗಿಸಿ, “ಎಲ್ಲರೂ ಹಾಕ್ತಾರೆ ಶೆಟ್ರೇ, ನಾನೂ ಹಾಕಿದೆ” ಎಂದ. “ನಾನೂ ಎರಡು ಸಲ ನೋಡಿದೆನಪ್ಪ” ಎಂದೆ. ಅವನು ಆಶ್ಚರ್ಯದಿಂದ ನೋಡಿದನೇ ಹೊರತು ಮಾತಾಡಲಿಲ್ಲ. ಅಂದಿನಿಂದ ತಲೆ ಬ್ಯಾಟರಿಯನ್ನಾಗಲಿ ವೈರನ್ನಾಗಲಿ ಕೇಳಿ ಬಂದವರನ್ನು ಏತಕ್ಕೆಂದು ವಿಚಾರಿಸುತ್ತೇನೆ. ತೋಟಕ್ಕೆಂದು ಹೇಳಿ ಒಯ್ಯುವವರಿದ್ದಾರೆ. ಅದರಲ್ಲಿ ಸುಳ್ಳೆಷ್ಟು ಎಂದು ಅಳೆಯುವ ತಕ್ಕಡಿ ನನ್ನಲ್ಲಿಲ್ಲ. ಕೇಳಿದ್ದಕ್ಕೆ ಸಿಟ್ಟಾಗಿ ಹೊರಟುಹೋದವರೂ ಇದ್ದಾರೆ. 2025ರ ಜುಲೈನಲ್ಲಿ ಹಿನ್ನೀರಿಗೆ ಸೇತುವೆಯಾದ ಮೇಲೆ ಅವರು ಲಾಂಚಿಗೆ ಕಾಯಬೇಕಾಗಿಲ್ಲ, ಸಾಗರದ ಅಂಗಡಿಗಳು ಹತ್ತಿರವಾಗಿವೆ.