ಬೇಡುವವನ ಧರ್ಮ

ಹೊಳಲ್ಕೆರೆಯ ಬಯಲು ಗಣಪತಿಯ ಮುಂದೆ ಕೈಮುಗಿದು ನಿಲ್ಲುವವರಲ್ಲಿ ಮಳೆಯನ್ನು ಬೇಡುವ ರೈತನಿರುತ್ತಾನೆ, ಮಗಳಿಗೆ ತಕ್ಕ ವರನನ್ನು ಬೇಡುವ ತಾಯಿಯಿರುತ್ತಾಳೆ, ಪರೀಕ್ಷೆಯ ಹಿಂದಿನ ದಿನ ಮಾತ್ರ ದೇವರನ್ನು ನೆನೆಯುವ ವಿದ್ಯಾರ್ಥಿಯೂ ಇರುತ್ತಾನೆ. ದೇವರು ಸರ್ವಜ್ಞನೇ ಆಗಿದ್ದ ಪಕ್ಷದಲ್ಲಿ ಅವನೆದುರು ನಮ್ಮ ಕೊರತೆಯನ್ನು ಬಾಯಿಬಿಟ್ಟು ನಿವೇದಿಸಬೇಕಾದುದೇತಕ್ಕೆ ಎಂಬ ಶಂಕೆ ಬಹು ಪುರಾತನವಾದುದು. ಭಗವದ್ಗೀತೆಯ ಏಳನೆಯ ಅಧ್ಯಾಯವು ಭಕ್ತರನ್ನು ಆರ್ತ, ಜಿಜ್ಞಾಸು, ಅರ್ಥಾರ್ಥಿ, ಜ್ಞಾನಿ ಎಂದು ವಿಂಗಡಿಸಿ, ಬೇಡಲು ಬಂದವನನ್ನೂ ಸುಕೃತಿಗಳ ಪಂಕ್ತಿಯಲ್ಲಿಯೇ ಕುಳ್ಳಿರಿಸಿದೆ. ಬೇಡುವ ರೀತಿಯನ್ನು ಮಾತ್ರ ಅವನ ವಿವೇಕಕ್ಕೆ ಬಿಟ್ಟಿದೆ.

ಸರ್ವಜ್ಞನಲ್ಲದ ದಾನಿಯ ಮುಂದೆ ನಿಂತಾಗ ಈ ವಿವೇಕದ ಬೆಲೆ ಹೆಚ್ಚು ಸ್ಪಷ್ಟವಾಗುತ್ತದೆ. ಅಣುಗಳ ಆಕೃತಿಯನ್ನು ಗಣಕದ ತೆರೆಯ ಮೇಲೆ ತೋರಿಸುವ ತಂತ್ರಾಂಶಗಳ ಚರಿತ್ರೆ ಅಂಥ ದಾನಿಗಳದು. ರೋಜರ್ ಸೇಲ್ ಎಂಬವರು 1993ರಲ್ಲಿ ರಾಸ್‌ಮಾಲನ್ನು ಅದರ ಮೂಲಸಂಕೇತ ಸಹಿತವಾಗಿ ಲೋಕಕ್ಕೆ ಒಪ್ಪಿಸಿದರು. ಬಳಿಕ ಅನೇಕರ ದುಡಿಮೆಯಿಂದ ಜೆಮಾಲ್ ಬೆಳೆಯಿತು. 2000ದಲ್ಲಿ ಪೈಮಾಲನ್ನು ಹೊರತಂದ ವಾರನ್ ಡಿಲೇನೊ 2009ರಲ್ಲಿ ಅಕಾಲಮರಣಕ್ಕೆ ತುತ್ತಾದರೂ, ಆ ಸಂಕೇತವು ತೆರೆದೇ ಇದ್ದುದರಿಂದ ಇತರರ ಕೈಯಲ್ಲಿ ಇಂದಿಗೂ ನಡೆಯುತ್ತಿದೆ. 1963ರಲ್ಲಿ ಪ್ರೋಟೀನಿನ ಸರಪಳಿ ಎತ್ತ ತಿರುಗಬಲ್ಲುದು, ಎತ್ತ ತಿರುಗಲಾರದು ಎಂಬುದಕ್ಕೆ ಮದರಾಸಿನಲ್ಲಿ ಸಹೋದ್ಯೋಗಿಗಳೊಡನೆ ನಕ್ಷೆಯನ್ನು ರಚಿಸಿ, ತರುವಾಯ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣು ಜೀವಭೌತ ವಿಭಾಗವನ್ನು ಸ್ಥಾಪಿಸಿದ ಜಿ. ಎನ್. ರಾಮಚಂದ್ರನ್ ಅವರು ಗೋಲ ಕಡ್ಡಿಗಳ ಮಾದರಿಗಳಿಂದ ಶ್ರಮಪಟ್ಟು ಕಂಡುದನ್ನು, ಹಿರಿಯೂರಿನ ಹುಡುಗಿಯೊಬ್ಬಳು ಈಗ ಒಂದು ಕಾಸೂ ಕೊಡದೆ ತೆರೆಯ ಮೇಲೆ ತಿರುಗಿಸಿ ನೋಡಬಹುದು.

ಇಷ್ಟನ್ನು ಪಡೆದವನು ಮತ್ತೂ ಬೇಡುವುದು ಲೋಭವಲ್ಲವೆ? ಐದಕ್ಕಿ ಮಾರಯ್ಯನು ಬಸವಣ್ಣನ ಮಹಾಮನೆಯಂಗಳದಲ್ಲಿ ಬಿದ್ದ ಅಕ್ಕಿಯನ್ನು ಒಂದು ದಿನ ವಾಡಿಕೆಗೆ ಮಿಗಿಲಾಗಿ ಆಯ್ದು ತಂದಾಗ ಅವನ ಮಡದಿ ಲಕ್ಕಮ್ಮನು ಅದನ್ನು ಹಿಂದಿರುಗಿಸಿ ಬರುವಂತೆ ಕಳುಹಿದ ಪ್ರಸಂಗ ಕನ್ನಡಿಗರಿಗೆ ಹೊಸತಲ್ಲ. ಲಕ್ಕಮ್ಮನು ನಿಷೇಧಿಸಿದುದು ಅಗತ್ಯವನ್ನು ಮೀರಿದ ಭಾಗವನ್ನೇ ಹೊರತು ಆಯ್ದು ತರುವುದನ್ನಲ್ಲ. ಆದಕಾರಣ ಬೇಡುವವನು ಮೊದಲು ತನ್ನ ಅಗತ್ಯವನ್ನು ಅರಿಯತಕ್ಕದ್ದು. ನಾವು ಸಾಮಾನ್ಯವಾಗಿ ತಪ್ಪುವುದು ಇಲ್ಲಿಯೇ.

ಹೊಸದುರ್ಗದ ಪದವಿಪೂರ್ವ ಕಾಲೇಜಿನ ರಸಾಯನಶಾಸ್ತ್ರದ ಅಧ್ಯಾಪಕರೊಬ್ಬರನ್ನು ಭಾವಿಸಿಕೊಳ್ಳೋಣ. ಅವರು ಕ್ಲೋರಾಲಿನ ಅಣುವನ್ನು ಜೆಮಾಲಿನಲ್ಲಿ ತೋರಿಸುತ್ತಾರೆ: ಮೂರು ಕ್ಲೋರೀನು ಹಸಿರು, ಒಂದು ಆಮ್ಲಜನಕ ಕೆಂಪು. ಕೆಂಪು ಹಸಿರುಗಳನ್ನು ಬೇರ್ಪಡಿಸಿ ಕಾಣಲಾರದ ಹುಡುಗನಿಗೆ, ಮತ್ತು ಅಂಥವರು ಗಂಡುಮಕ್ಕಳಲ್ಲಿ ವಿರಳರೇನೂ ಅಲ್ಲ, ಈ ವರ್ಣಭೇದದಿಂದ ಯಾವ ಪ್ರಯೋಜನವೂ ಇಲ್ಲ. ಅಧ್ಯಾಪಕರು ತಂತ್ರಾಂಶ ರಚಿಸಿದವರಿಗೆ ಬಣ್ಣ ಬದಲಿಸುವ ಹೊಸ ಗುಂಡಿಯೊಂದನ್ನು ಕೊಡಿ ಎಂದು ಬರೆದರೆ ಅವರು ಬೇಡಿದುದು ಉಪಾಯವನ್ನು. ನನ್ನ ಶಿಷ್ಯನಿಗೆ ಈ ಪರಮಾಣುಗಳ ವ್ಯತ್ಯಾಸ ಕಾಣದು ಎಂದು ಬರೆದರೆ ತಿಳಿಸಿದುದು ಅಗತ್ಯವನ್ನು. ಮೊದಲನೆಯದು ದಾನಿಯ ಕೈಯನ್ನು ಕಟ್ಟುತ್ತದೆ. ಎರಡನೆಯದಾದರೋ, ಸಾವಿರಾರು ಮೈಲಿ ದೂರದಲ್ಲಿ ಕುಳಿತವನಿಗೆ ತಾನಾಗಿ ಎಂದಿಗೂ ತಿಳಿಯಲಾರದಿದ್ದ ಒಂದು ಸತ್ಯವನ್ನು ಮುಟ್ಟಿಸುವುದರಿಂದ, ಯಾಚನೆಯಾಗಿದ್ದೂ ಒಂದು ಬಗೆಯ ದಾನವಾಗುತ್ತದೆ. ದೇವರೆದುರಿನ ಪ್ರಾರ್ಥನೆಗೆ ಈ ಭಾಗ್ಯವಿಲ್ಲ. ಅಲ್ಲಿ ಮಾತಿನಿಂದ ತಿಳಿವಳಿಕೆ ಪಡೆಯುವವನು ಬೇಡುವವನೊಬ್ಬನೇ.

ಅಗತ್ಯವನ್ನು ಹೇಳಿದ ಅಧ್ಯಾಪಕರಿಗೆ ಬರಬಹುದಾದ ಉತ್ತರವೂ ವೇದಾಂತಿಗಳಿಗೆ ಪರಿಚಿತವಾದುದೇ. ಪ್ರತಿ ಪರಮಾಣುವಿನ ಮೇಲೆ ಅದರ ಸಂಕೇತಾಕ್ಷರವನ್ನು ಮೂಡಿಸುವ ಸೌಕರ್ಯ ಜೆಮಾಲಿನಲ್ಲಿ ಮೊದಲಿನಿಂದಲೂ ಇದ್ದೇ ಇದೆ! ಕೊರಳಲ್ಲಿರುವ ಸರವನ್ನೇ ಊರೆಲ್ಲ ಹುಡುಕುವವಳ ದೃಷ್ಟಾಂತದಂತೆ, ಪಡೆದುದನ್ನೇ ಪಡೆಯುವ ವಿಚಿತ್ರ ಲಾಭವಿದು. ಗುಂಡಿಯನ್ನೇ ಹಟಹಿಡಿದು ಬೇಡಿದ್ದರೆ ಈ ಉತ್ತರ ಬರುವ ಸಂಭವ ಕಡಿಮೆ.

ಹಾಗಾದರೂ ಒಂದು ಕೊರತೆ ಉಳಿಯುತ್ತದೆ. ಆ ಸೌಕರ್ಯವನ್ನು ಬಳಸುವ ಬಗೆಯನ್ನು ಕನ್ನಡದಲ್ಲಿ ವಿವರಿಸಿಕೊಡಿ ಎಂದು ದೂರದ ದಾನಿಯನ್ನು ಬೇಡಿ ಫಲವಿಲ್ಲ. ಕನ್ನಡವೂ ರಸಾಯನಶಾಸ್ತ್ರವೂ ಆ ಹುಡುಗನ ಕಷ್ಟವೂ ಒಟ್ಟಿಗೆ ತಿಳಿದಿರುವುದು ಹೊಸದುರ್ಗದ ಆ ಅಧ್ಯಾಪಕರಿಗೇ. ಅಂಥ ಎರಡು ಪುಟಗಳನ್ನು ಬರೆದು, ಮೊದಲು ನೆರೆಯ ಹೊಳಲ್ಕೆರೆಯ ಕಾಲೇಜಿಗೊಂದು ಪ್ರತಿಯನ್ನು ಕಳುಹಿಸಬೇಕೆಂದು ಅವರಲ್ಲಿ ನನ್ನದೂ ಒಂದು ಬೇಡಿಕೆ.