ಅರಿಶಿನ ಕುಂಕುಮದ ಬಾಬ್ತು

ಗುಂಡ್ಲುಪೇಟೆ ಸೀಮೆಯಲ್ಲಿ ಅಪ್ಪ ತೀರಿಕೊಂಡ ಮನೆಯಲ್ಲಿ ತಿಥಿ ಮುಗಿದ ಮೇಲೆ ಮೊದಲು ಏಳುವ ಮಾತು ಪೌತಿ ಖಾತೆಯದು. ಪೌತಿ ಅಂದರೇ ಸಾವು. ಮರಣ ಪ್ರಮಾಣಪತ್ರ, ವಂಶವೃಕ್ಷ ಅಂತ ನಾಡಕಚೇರಿಗೆ ಓಡಾಟ. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರೂ ಬರಬೇಕಲ್ಲ, ಆಗ ಅಕ್ಕನಿಗೆ ಫೋನು: ‘ಅಕ್ಕೋ, ಬಂದು ಒಂದ್ ಸೈನ್ ಹಾಕ್ಬುಟ್ಟು ಹೋಗು.’

ಸೈನು ಹಕ್ಕು ಬಿಡುಗಡೆ ಪತ್ರಕ್ಕೆ. ಬದಲಿಗೆ ‘ಅರಿಶಿನ ಕುಂಕುಮಕ್ಕೆ’ ಅಂತ ಒಂದಿಷ್ಟು ದುಡ್ಡು, ಒಂದು ಸೀರೆ. ಅರಿಶಿನವನ್ನೇ ಬೆಳೆಯುವ ಊರುಗಳಿವು. ಎಂಟೊಂಬತ್ತು ತಿಂಗಳು ಮಣ್ಣಿನಡಿ ಬಲಿತ ಗೆಡ್ಡೆಯನ್ನು ಅಗೆದು, ಬೇಯಿಸಿ, ಕಣದಲ್ಲಿ ಹರವಿ ಒಣಗಿಸಿದ ಕೈಗಳಲ್ಲಿ ಆ ಅಕ್ಕನವೂ ಇದ್ದವು. ಹೊಲ ತಮ್ಮನಿಗೆ, ಚಿಟಿಕೆ ಅರಿಶಿನ ಇವಳಿಗೆ.

ಕಾನೂನು ತಡವಾಗಿಯಾದರೂ ಇವಳ ಕಡೆಗೇ ನಡೆದು ಬಂದಿದೆ. ಮೈಸೂರು ಸಂಸ್ಥಾನದ 1933ರ ಕಾಯ್ದೆ ಹಿಂದೂ ಕುಟುಂಬ ಪಾಲಾಗುವಾಗ ಮದುವೆಯಾಗದ ಹೆಣ್ಣುಮಗಳಿಗೆ ಅಣ್ಣನ ಪಾಲಿನ ಕಾಲುಭಾಗ ಕೊಟ್ಟಿತು. 1994ರಲ್ಲಿ ಕರ್ನಾಟಕ ಪಿತ್ರಾರ್ಜಿತದಲ್ಲಿ ಸಮಪಾಲು ಅಂದಿತು, ಅದಕ್ಕೆ ಮೊದಲೇ ಮದುವೆಯಾದವರನ್ನು ಬಿಟ್ಟು. 2005ರ ಕೇಂದ್ರ ತಿದ್ದುಪಡಿ ಮದುವೆಯ ಅಡ್ಡಗೋಡೆಯನ್ನು ಕೆಡವಿತು. ಅಪ್ಪ ಆಗ ಬದುಕಿರಬೇಕೆಂದೇನಿಲ್ಲ, ಈ ಹಕ್ಕು ಹುಟ್ಟಿನಿಂದಲೇ ಬಂದದ್ದು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು.

ಆದರೂ ಸೈನು ಬೀಳುತ್ತಲೇ ಇದೆ. ಹೆದರಿಸಿ ಹಾಕಿಸಿಕೊಂಡದ್ದರ ಮಾತು ಬೇರೆ. ನನ್ನನ್ನು ಕಾಡುವುದು ಅಕ್ಕ ತಾನಾಗಿ ಬಂದು ಹಾಕುವ ಸೈನು. ಗೌರಿಹಬ್ಬಕ್ಕೆ ಕರೆಯಲು ಒಬ್ಬ ತಮ್ಮ ಬೇಕು. ಗಂಡನ ಮನೆಯಲ್ಲಿ ಏನಾದರೂ ಹೆಚ್ಚುಕಮ್ಮಿಯಾದರೆ ಹೋಗಿ ಕೂರಲು ಒಂದು ಜಗಲಿ ಬೇಕು. ಇದನ್ನು ನಾನು ತುಂಬ ವರ್ಷ ತ್ಯಾಗವೆಂದೇ ತಿಳಿದಿದ್ದೆ. ಈಗ ಖರೀದಿ ಅನ್ನಿಸುತ್ತದೆ. ತನ್ನ ಪಾಲಿನ ಹೊಲ ತೆತ್ತು, ತಾನು ಹುಟ್ಟಿದ ಮನೆಯ ಬಾಗಿಲನ್ನು ಅವಳು ಕೊಳ್ಳುತ್ತಾಳೆ. ಅದೇ ಬಾಗಿಲಿಗೆ ತಮ್ಮನಿಂದ ಒಂದು ಗುಂಟೆಯನ್ನೂ ಯಾರೂ ಕೇಳುವುದಿಲ್ಲ.

ಪಹಣಿಯ ಒಂಬತ್ತನೇ ಕಾಲಂನಲ್ಲಿ ತಮ್ಮನ ಹೆಸರು ಕೂರುತ್ತದೆ. ಹನ್ನೊಂದನೆಯದು ‘ಇತರೆ ಹಕ್ಕುಗಳು ಮತ್ತು ಋಣಗಳು’. ಸೊಸೈಟಿಯ ಬೆಳೆಸಾಲ, ಬ್ಯಾಂಕಿನ ಅಡಮಾನ ಅಲ್ಲಿ ರೂಪಾಯಿ ಲೆಕ್ಕದಲ್ಲಿ ದಾಖಲಾಗುತ್ತವೆ. ಅಕ್ಕನ ಋಣಕ್ಕೆ ಅಲ್ಲಿ ಸಾಲಿಲ್ಲ.

ಭಾದ್ರಪದದಲ್ಲಿ ತಮ್ಮ ಬಾಗಿನ ತರುತ್ತಾನೆ. ಬಳೆ, ಕುಪ್ಪಸದ ಕಣ, ಅರಿಶಿನದ ಪೊಟ್ಟಣ. ಪೊಟ್ಟಣ ಅಂಗಡಿಯದು.