ರಿಪೇರಿಗೆ ಯಾರು ಬರ್ತಾರೆ?

ಕೈಗಾರಿಕಾ ಮೇಳದಲ್ಲಿ ತಾಂತ್ರಿಕ ವಿಶ್ವವಿದ್ಯಾಲಯದವರು ಹಾಕೋ ಸ್ಟಾಲ್ ನೋಡಿರ್ತೀರಿ. ಅಡಿಕೆ ಸುಲಿಯೋ ಯಂತ್ರ, ಮೇಲೆ 'ರೈತರಿಗಾಗಿ' ಅನ್ನೋ ಬೋರ್ಡು. ಬಹುಮಾನವೂ ಸಿಗುತ್ತೆ. ನನ್ನ ಪ್ರಾಜೆಕ್ಟಿಗೂ ಸಿಕ್ಕಿತ್ತು. ಒಬ್ಬ ರೈತನನ್ನೂ ನಾನು ಕೇಳಿರಲಿಲ್ಲ.

ಶಿಕಾರಿಪುರ ತಾಲ್ಲೂಕಿನ ಈಸೂರು 1942ರಲ್ಲೇ ತಾನು ಸ್ವತಂತ್ರ ಅಂತ ಸಾರಿಕೊಂಡ ಊರು. ಆಮೇಲಾದ ಘರ್ಷಣೆಗಾಗಿ 1943ರಲ್ಲಿ ಐವರು ಗಲ್ಲಿಗೇರಿದರು. ನಮ್ಮನ್ನು ನಾವೇ ಆಳಿಕೊಳ್ತೀವಿ ಅಂದವರನ್ನು ನಾವು 'ಫಲಾನುಭವಿಗಳು' ಅಂತೀವಲ್ಲ, ಸರಿಯಾ?

ಬೇರೆ ದಾರಿ ಇದೆ. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿ ಕಟ್ಟಿದ 'ಅಸ್ತ್ರ' ತಂಡ ತುಮಕೂರು ಜಿಲ್ಲೆಯ ಉಂಗ್ರಕ್ಕೆ ಹೋಗಿ, ಸೌದೆ ತರೋದಕ್ಕೆ ಎಷ್ಟು ಹೊತ್ತು ಹಿಡಿಯುತ್ತೆ ಅಂತ ಲೆಕ್ಕ ಹಾಕಿತು. ಸೌದೆ ಉಳಿಸೋ ಅಸ್ತ್ರ ಒಲೆ ಬಂದದ್ದು ಆಮೇಲೆ.

ಮೇಳಕ್ಕೆ ಮುಂಚೆ ಯಂತ್ರ ಈಸೂರಿನಂಥ ಊರಿನ ಅಂಗಳಕ್ಕೆ ಹೋಗಲಿ. 'ಕೆಟ್ರೆ ರಿಪೇರಿಗೆ ಯಾರು ಬರ್ತಾರೆ?' ಅಂತ ಕೇಳ್ತಾರೆ. ಅದಕ್ಕೆ ಉತ್ತರ ಕೊಡೋ ತನಕ ನಾವು ತಗೊಂಡ ಬಹುಮಾನ ಬರೀ ಸಾಲ.